ಚಿಲಕ ಮೇಲಿದೆ

ಟಪಾಲಮ್ಮನಿಗೆ,

ಊರು ನಿನ್ನನ್ನು ಕರೆಯುತ್ತಿದ್ದ ಹೆಸರಿನಿಂದಲೇ ಶುರು ಮಾಡುತ್ತಿದ್ದೇನೆ. ಮಗಳ ತಲೆಯಲ್ಲಿ ನರೆ ಕಾಣಿಸಿಕೊಳ್ಳುವಷ್ಟು ಕಾಲ ಒಟ್ಟಿಗೆ ಬದುಕಿದರೂ ನಾನು ನಿನಗೊಂದು ಕಾಗದ ಬರೆದವನಲ್ಲ. ಬರೆಯುವ ಪ್ರಮೇಯವೇ ಬರಲಿಲ್ಲ ಎನ್ನಬಹುದು. ನಾನು ಕನ್ನಡಕದ ಅಂಗಡಿ ಬಿಟ್ಟು ಕದಲಿದವನಲ್ಲ. ನೀನು ಟಪಾಲು ಚೀಲ ಹೊತ್ತು ಬೀದಿ ಬೀದಿ ಸುತ್ತಿದರೂ ಸಂಜೆಗೆ ಇದೇ ಮನೆಗೆ ಬರುತ್ತಿದ್ದೆ. "ಊರಿಗೆಲ್ಲ ಕಾಗದ ಹಂಚ್ತೀನಿ, ನನಗೆ ಅಂತ ಒಂದೂ ಬರಲ್ಲ ನೋಡಿ" ಎಂದು ಕಾಲು ತೊಳೆಯುತ್ತ ಹೇಳುತ್ತಿದ್ದೆ. "ಕರೆಂಟ್ ಬಿಲ್ಲು ನಿನ್ನ ಹೆಸರಲ್ಲೇ ಬರುತ್ತಲ್ಲ, ಅದನ್ನೇ ಓದ್ಕೋ" ಎಂದು ನಾನು ಫ್ರೇಮಿನ ಸ್ಕ್ರೂ ತಿರುಗಿಸುತ್ತ ಉತ್ತರ ಕೊಡುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ನೀನು ನಿಜವಾಗಿ ನಗುತ್ತಿದ್ದೆಯೋ, ನನ್ನ ಮನಸ್ಸಿಗೆ ನೋವಾಗದಿರಲಿ ಎಂದು ನಗುತ್ತಿದ್ದೆಯೋ, ಕತ್ತೆತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಎದುರಿಗೆ ಕೂತು ಹೇಳಬಹುದಿತ್ತು. ನೀನು ಇಲ್ಲೇ ಇದ್ದೀಯ, ಪಕ್ಕದ ಕುರ್ಚಿಯಲ್ಲಿ, ಟವೆಲ್ಲುಗಳನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸುತ್ತಿದ್ದೀಯ. ಆದರೆ ಬಾಯಿಬಿಟ್ಟು ಹೇಳಿದರೆ ನೀನು "ಅಯ್ಯೋ ಬಿಡಿ ಸಾರ್, ಆಗಿದ್ದು ಆಯ್ತು" ಎಂದು ಯಾರೋ ಗುರುತಿಲ್ಲದವನನ್ನು ಸಮಾಧಾನ ಮಾಡುವಂತೆ ಸಮಾಧಾನ ಮಾಡಿಬಿಡುತ್ತೀಯ. ಅಷ್ಟು ಸಲೀಸಾಗಿ ಕ್ಷಮೆ ಪಡೆಯಲು ನನಗೆ ಇಷ್ಟವಿಲ್ಲ. ಅದಕ್ಕೇ ಕಾಗದ.

ಆಸ್ಪತ್ರೆಯಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ನರರೋಗದ ಡಾಕ್ಟರಮ್ಮನ ಕೋಣೆ. ನಡುವೆ ನೀನು, ಈಚೆಗೆ ನಾನು, ಆಚೆಗೆ ಮಗಳು. ನಿನ್ನದು ಮರೆವಿನ ಕಾಯಿಲೆ ಎಂಬುದು ಅಷ್ಟರಲ್ಲಿ ನಮಗೆ ಗೊತ್ತಾಗಿತ್ತು. ಡಾಕ್ಟರಮ್ಮ ಡಿಮೆನ್ಶಿಯಾ ಎಂಬ ಅದರ ದೊಡ್ಡ ಹೆಸರನ್ನು ಮೆಲ್ಲಗೆ ಹೇಳಿದರು. ಆಮೇಲೆ ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದರು. "ವಿಟಮಿನ್ ಡಿ ಎಂಟೇ ಇದೆ. ಕಮ್ಮಿ ಅಂದ್ರೂ ಇಪ್ಪತ್ತಿರಬೇಕಿತ್ತು. ಬಿಸಿಲು ಬಿದ್ರೆ ಮೈ ತಾನೇ ಮಾಡ್ಕೊಳ್ಳೋ ವಿಟಮಿನ್ ಇದು. ಮೊದಲು ಏನು ಕೆಲಸ ಮಾಡ್ತಿದ್ರು?" ಮಗಳು ಎದೆಯುಬ್ಬಿಸಿ, "ಅಮ್ಮ ಪೋಸ್ಟ್ ಹಂಚ್ತಿದ್ರು. ನಡ್ಕೊಂಡೇ. ಬಿಸಿಲಲ್ಲೇ" ಎಂದಳು. ಡಾಕ್ಟರಮ್ಮನಿಗೆ ಇನ್ನಷ್ಟು ಆಶ್ಚರ್ಯ. "ಅಂಥೋರಿಗೆ ಎಂಟಾ? ಈಗ ಹೊರಗಡೆ ಓಡಾಡ್ತಾರೋ ಇಲ್ವೋ?"

ಪ್ರಶ್ನೆ ನನಗೆ. "ಅವಳಿಗೆ ಈಚೀಚೆಗೆ ಬಿಸಿಲು ಆಗಿಬರಲ್ಲ ಡಾಕ್ಟ್ರೇ. ತಲೆನೋವು ಬರುತ್ತೆ. ಹೊರಗೆ ಹೋಗೋಕೆ ಅವಳೇ ಒಪ್ಪಲ್ಲ" ಎಂದೆ. ನಾಲಿಗೆ ತಡವರಿಸಲೂ ಇಲ್ಲ. ಅಷ್ಟು ಹೊತ್ತು ಕೈಚೀಲದ ಹಿಡಿಕೆ ತಿರುಚುತ್ತ ಕೂತಿದ್ದ ನೀನು ಆಗ ತಲೆಯೆತ್ತಿ, ಡಾಕ್ಟರಮ್ಮನ ಮುಖವನ್ನೇ ನೋಡುತ್ತ ಹೇಳಿದೆ: "ಚಿಲಕ ಮೇಲಿದೆ. ಕೈ ಎಟುಕಲ್ಲ."

ಡಾಕ್ಟರಮ್ಮ ನನ್ನತ್ತ ನೋಡಿದರು. ನಾನು ಮಾಡಿದ್ದಿಷ್ಟೇ: ಸಣ್ಣಗೆ ನಕ್ಕು ತಲೆಯಾಡಿಸಿದೆ. ಹೀಗೇ ಏನೇನೋ ಅಂತಿರ್ತಾಳೆ ಎಂಬ ಅರ್ಥದ ನಗು. ಅವರು ಅಯ್ಯೋ ಪಾಪ ಎಂಬಂತೆ ನಿನ್ನ ಕೈ ತಟ್ಟಿದರು. ಮಗಳು ನಿನ್ನ ಭುಜ ಬಳಸಿಕೊಂಡಳು. ನೀನು ಮತ್ತೆ ಚೀಲದ ಹಿಡಿಕೆಗೆ ಕೈ ಹಾಕಿದೆ. ಆ ಕೋಣೆಯಲ್ಲಿ ನಮ್ಮ ಮನೆಯ ನಿಜ ಹೇಳಿದವಳು ನೀನೊಬ್ಬಳೇ, ಅದನ್ನೂ ನಿನ್ನ ಕಾಯಿಲೆಯ ತಲೆಗೆ ಕಟ್ಟಿದವನು ನಾನು. ನೆನೆಸಿಕೊಂಡಾಗಲೆಲ್ಲ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತದೆ. ಆದರೆ ಆ ಚಿಲಕ ಅಷ್ಟು ಮೇಲೆ ಹೇಗೆ ಹೋಯಿತು ಎಂದು ನಿನಗೆ ಯಾರೂ ಹೇಳಿಲ್ಲವಲ್ಲ, ಅದನ್ನು ಹೇಳಬೇಕು.

ನಾನು ನಿನ್ನನ್ನು ಮೊದಲ ಸಲ ನೋಡಿದ್ದೇ ಜಗಳದಲ್ಲಿ. ಆಗ ಅಂಗಡಿ ಅಪ್ಪನದು. ಅಪ್ಪನ ಹೆಸರಿಗೆ ಮಸೂರಗಳ ಪಾರ್ಸಲ್ಲು ರಿಜಿಸ್ಟರಿನಲ್ಲಿ ಬಂದಿತ್ತು. ನಾನು ಕೈ ಚಾಚಿದೆ. ನೀನು, ಕೆಲಸಕ್ಕೆ ಸೇರಿ ಇನ್ನೂ ಹೊಸ ಬೂಟು ಕಾಲು ಕಚ್ಚುತ್ತಿದ್ದ ಹುಡುಗಿ, ಪಾರ್ಸಲ್ಲನ್ನು ಎದೆಗವಚಿಕೊಂಡು, "ಹೆಸರಿದ್ದೋರ ಕೈಗೇ ಕೊಡ್ಬೇಕು" ಎಂದೆ. ನಾನು ಮಗ ಎಂದೆ. ನೀನು "ಇರಬಹುದು" ಎಂದೆ. ಅಪ್ಪನಿಗೆ ಜ್ವರ, ಒಳಗೆ ಮಲಗಿದ್ದಾರೆ ಎಂದು ನಾನು ರೇಗಿದೆ. "ಹಾಗಾದ್ರೆ ಒಳಗೇ ಬರ್ತೀನಿ" ಎಂದು ನೀನು ನನ್ನನ್ನು ದಾಟಿಕೊಂಡು ಹೋಗಿ, ಅಪ್ಪನನ್ನು ಎಬ್ಬಿಸಿ ಕೂರಿಸಿ, ಸಹಿ ಹಾಕಿಸಿ, ಅವರ ಕೈಗಿಟ್ಟು ಹೋದೆ. ಅಪ್ಪ ಆ ಜ್ವರದಲ್ಲೂ, "ಇವಳು ಯಾರೋ, ನಿನಗೆ ಸರಿಯಾದೋಳು" ಎಂದಿದ್ದರು.

ಅಂಥ ಕಟ್ಟುನಿಟ್ಟಿನವಳು ನೀನು, ನಿವೃತ್ತಿಯಾಗಿ ಕೆಲವು ವರ್ಷವಾದ ಮೇಲೆ, ಒಂದು ಬೆಳಿಗ್ಗೆ ನಮ್ಮ ಕರೆಂಟ್ ಬಿಲ್ಲನ್ನು ಬೇಕರಿಯವರ ಟಪಾಲು ಪೆಟ್ಟಿಗೆಗೆ ಹಾಕಿ ಬಂದೆ. ಮರೆವು ಎಂದುಕೊಂಡೆವು. ಆಮೇಲೆ ಟೀವಿಯ ರಿಮೋಟು ಸಂಗೀತದ ಟೀಚರ ಪೆಟ್ಟಿಗೆಯಲ್ಲಿ ಸಿಕ್ಕಿತು. ಒಂದು ಚಮಚ, ಮಗಳ ಹಳೆಯ ಫೋಟೋ, ನನ್ನ ಕಾಲುಚೀಲ. ಅಂಗಡಿಯ ಗಾಜಿನಿಂದ ನಾನು ನೋಡುತ್ತಿದ್ದೆ. ನೀನು ಅವನ್ನು ಹೇಗೆ ಬೇಕೋ ಹಾಗೆ ಎಸೆಯುತ್ತಿರಲಿಲ್ಲ. ಒಪ್ಪವಾಗಿ ಮಡಿಸಿ, ಮನೆಯ ನಂಬರು ಓದಿ, ಪೆಟ್ಟಿಗೆಗೆ ಇಳಿಬಿಟ್ಟು, ಮುಚ್ಚಳವನ್ನು ಎರಡು ಸಲ ತಟ್ಟಿ ಮುಂದಿನ ಗೇಟಿಗೆ ಹೋಗುತ್ತಿದ್ದೆ. ಸರ್ವೀಸಿನ ಕೊನೆಯ ದಿನ ಹೇಗೆ ಮಾಡಿದ್ದೆಯೋ ಹಾಗೇ. ಜನ ಒಳ್ಳೆಯವರು, ಸದ್ದಿಲ್ಲದೆ ವಾಪಸು ತಂದುಕೊಡುತ್ತಿದ್ದರು.

ಎದುರುಮನೆ ವಕೀಲರು ಸದ್ದು ಮಾಡಿದರು. ಅಂಗಡಿಯಲ್ಲಿ ಮೂರು ನಾಲ್ಕು ಗಿರಾಕಿಗಳಿದ್ದರು. ಬ್ಯಾಂಕ್ ಮ್ಯಾನೇಜರ ಹೆಂಡತಿ ಕನ್ನಡಿಯ ಮುಂದೆ ಚಿನ್ನದ ಬಣ್ಣದ ಫ್ರೇಮು ಹಾಕಿ ನೋಡುತ್ತಿದ್ದರು. ವಕೀಲರು ಒಳಗೆ ಬಂದು, ಕಂಕುಳಲ್ಲಿ ತೂತಾದ ನನ್ನ ಬನಿಯನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ನಿಮ್ಮದೇ ಇರಬೇಕು. ನಮ್ಮ ಪೆಟ್ಟಿಗೆಗೆ ಬಂದಿದೆ. ಸ್ಟಾಂಪೂ ಅಂಟಿಸಿಲ್ಲ, ದಂಡ ಕಟ್ಬೇಕಾ ಹೇಗೆ?" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ನನ್ನ ಕಿವಿ ಮಾತ್ರ ಕಾದ ಹಂಚಾಗಿತ್ತು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಬಾಯಿ ಚಪಲ ಅಷ್ಟೆ. ಆದರೆ ನನಗೆ ಆ ಕ್ಷಣ ನಿನ್ನ ಮೇಲೆ ಕನಿಕರ ಹುಟ್ಟಲಿಲ್ಲ. ಮರ್ಯಾದೆ ಹೋಯಿತು ಎನ್ನಿಸಿತು. ನನ್ನ ಮರ್ಯಾದೆ.

ಮಾರನೆಯ ದಿನವೇ ಬಡಗಿಯನ್ನು ಕರೆಸಿದೆ. ನಮ್ಮ ಮನೆ ನಿನಗೆ ಗೊತ್ತಲ್ಲ, ಗೊತ್ತಿತ್ತಲ್ಲ: ಮುಂದೆ ಅಂಗಡಿ, ಹಿಂದೆ ಮನೆ, ಮನೆಗೆ ಪಕ್ಕದ ಓಣಿಯಿಂದ ಬೇರೆ ಬಾಗಿಲು. ಆ ಓಣಿ ಬಾಗಿಲಿಗೆ ಒಳಗಡೆ ತೀರಾ ಮೇಲೆ, ನಾನು ಹಿಮ್ಮಡಿ ಎತ್ತಿ ಕೈ ಚಾಚಿದರೆ ಮಾತ್ರ ಸಿಗುವ ಹಾಗೆ ಚಿಲಕ ಹಾಕಿಸಿದೆ. ಕಳ್ಳರ ಭಯ ಎಂದು ನೆಪ ಹೇಳಿದ್ದೆ. ಬಡಗಿ ಸ್ಟೂಲಿನ ಮೇಲಿಂದಲೇ, "ಇಷ್ಟು ಮೇಲೆ ಯಾಕೆ ಸಾರ್? ಮನೇಲಿ ಚಿಕ್ಕ ಮಕ್ಕಳಿದ್ದಾರಾ?" ಎಂದು ಕೇಳಿದ. ಹೂಂ ಎಂದೆ. ನೀನು ಅಲ್ಲೇ ನಿಂತು ಕೆಳಗೆ ಬೀಳುತ್ತಿದ್ದ ಮರದ ಹೊಟ್ಟನ್ನು ಅಂಗೈಯಲ್ಲಿ ಹಿಡಿಯುತ್ತಿದ್ದೆ.

ಅಲ್ಲಿಂದ ಎರಡು ವರ್ಷ. ಬೀದಿಯವರು ಕೇಳಿದರೆ "ಮಂಡಿನೋವು, ಏಳೋಕಾಗಲ್ಲ" ಎನ್ನುತ್ತಿದ್ದೆ. ಬೇರೆ ಊರಿನ ಶಾಲೆಯಲ್ಲಿ ಆಟದ ಟೀಚರಾಗಿರುವ ಮಗಳು ರಜೆಗೆ ಬಂದಾಗ ಚಿಲಕ ತೆಗೆದೇ ಇಟ್ಟಿರುತ್ತಿದ್ದೆ. ಅವಳು ಹೋದ ಮೇಲೆ ಮತ್ತೆ ಹಾಕುತ್ತಿದ್ದೆ. ಒಳಮನೆಯ ಕಿಟಕಿ ಗೋದಾಮಿನ ಗೋಡೆಗೆ ಮುಖ ಮಾಡಿಕೊಂಡಿದೆ. ಹಗಲಲ್ಲೂ ಟ್ಯೂಬ್‌ಲೈಟು. ಬಿಸಿಲು ಬರುವುದಿದ್ದರೆ ಮುಂದಿನ ಅಂಗಡಿಗೆ. ನೀನು ಮೊದಮೊದಲು ಪರದೆ ಸರಿಸಿ ಅಲ್ಲಿಗೆ ಬಂದು ಕೂರುತ್ತಿದ್ದೆ. ಅಂಗಡಿ ಬಾಗಿಲಿನ ಗಂಟೆ ಗಣ್ ಎಂದರೆ, ಗಿರಾಕಿ ಒಳಗೆ ಕಾಲಿಡುವ ಮೊದಲೇ ನಾನು "ಒಳಗೆ ಹೋಗು" ಎನ್ನುತ್ತಿದ್ದೆ. ಮೆಲ್ಲಗೇ ಹೇಳುತ್ತಿದ್ದೆ, ಗದರುತ್ತಿರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡದ್ದುಂಟು.

ಹಾಗಾಗಿ ಏನಾಯಿತು ನೋಡು. ಸ್ವಲ್ಪ ದಿನಕ್ಕೆ ನಾನು ಹೇಳುವುದೇ ಬೇಕಾಗಲಿಲ್ಲ. ಗಂಟೆ ಕೇಳಿದ ಕೂಡಲೇ ನೀನೇ ಎದ್ದು ಒಳಗೆ ಹೋಗುತ್ತಿದ್ದೆ. ಮಗಳ ಹೆಸರು ಬಿಟ್ಟುಹೋಯಿತು, ಒಲೆ ಹಚ್ಚುವುದು ಬಿಟ್ಟುಹೋಯಿತು, ಬೆಳಿಗ್ಗೆ ತಿಂದದ್ದು ಹನ್ನೊಂದಕ್ಕೆ ನೆನಪಿರುವುದಿಲ್ಲ. ಹೊಸದೇನೂ ತಲೆಗೆ ಹತ್ತುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಆದರೆ ನಾನು ಕಲಿಸಿದ ಆ ಒಂದು ಪಾಠ ನಿನಗೆ ಹತ್ತಿತು. ಗಂಟೆ ಹೊಡೆದರೆ ಬಚ್ಚಿಟ್ಟುಕೊಳ್ಳಬೇಕು ಎಂಬುದು.

ಇನ್ನು ವಿಟಮಿನ್ನಿನ ಕಥೆ. ಮೊದಲ ಸಲ ಡಾಕ್ಟರಮ್ಮನ ಕೋಣೆಯಿಂದ ಹೊರಬಂದ ಕೂಡಲೇ ಮಗಳು ಅಲ್ಲೇ ಬೆಂಚಿನಲ್ಲಿ ಕೂತು ಫೋನಿನಲ್ಲಿ ಓದಿದಳು. "ಅಪ್ಪಾ, ಇಲ್ಲಿ ನೋಡಿ. ಡಿ ತುಂಬಾ ಕಮ್ಮಿ ಇರೋರಲ್ಲಿ ಮರೆವಿನ ಕಾಯಿಲೆ ಜಾಸ್ತಿ ಕಾಣಿಸುತ್ತಂತೆ. ಎಷ್ಟೋ ಸಾವಿರ ಜನರನ್ನ ನೋಡಿ ಹೇಳಿದ್ದಾರೆ." ನನಗೆ ಹೋದ ಜೀವ ಬಂದಂತಾಯಿತು, ನಿಜ ಹೇಳುತ್ತೇನೆ. ತಲೆ ಕೆಟ್ಟಿತು ಎಂದರೆ ಜನ ಒಂದು ಥರ ನೋಡುತ್ತಾರೆ, ವಿಟಮಿನ್ ಕಮ್ಮಿಯಾಯಿತು ಎಂದರೆ ಇನ್ನೊಂದು ಥರ. ಅಂಗಡಿಗೆ ಬಂದು ಗಿರಾಕಿಗಳಿಗೆ ನಾನೇ ಮೇಲೆ ಬಿದ್ದು ಹೇಳತೊಡಗಿದೆ: "ಡಿ ಕಮ್ಮಿಯಾಗಿತ್ತಂತೆ ಕಣ್ರೀ, ಅಷ್ಟೆ. ಮಾತ್ರೆ ಕೊಟ್ಟಿದ್ದಾರೆ, ಸರಿಹೋಗ್ತಾಳೆ." ಕಣ್ಣು ಪರೀಕ್ಷೆಗೆ ಬಂದವರ ಗಲ್ಲ ಹಿಡಿದು ಸ್ಟ್ಯಾಂಡಿನ ಮೇಲಿಡಿಸುತ್ತ, "ದಿನಾ ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಿ, ಅಸಡ್ಡೆ ಮಾಡಬೇಡಿ" ಎಂದು ಉಪದೇಶ ಬೇರೆ. ಪರದೆಯ ಹಿಂದೆ ಟ್ಯೂಬ್‌ಲೈಟಿನ ಕೆಳಗೆ ಕೂತು ನೀನು ಆ ಉಪದೇಶ ಕೇಳಿಸಿಕೊಳ್ಳುತ್ತಿದ್ದೆ.

ವಾರಕ್ಕೊಂದು ಮಾತ್ರೆ. ನಿನ್ನ ನಾಲಿಗೆಯ ಮೇಲಿಟ್ಟು ನೀರು ಕುಡಿಸಿ, ನುಂಗಿದೆಯಾ ಎಂದು ಬಾಯಿ ತೆಗೆಸಿ ನೋಡುತ್ತಿದ್ದೆ. ಬಿಸಿಲೇ ಮಾತ್ರೆಯಾಗಿ ಮನೆಗೆ ಬರುವಾಗ ಬಾಗಿಲು ಯಾಕೆ ತೆಗೆಯಬೇಕು ಎಂಬುದು ನನ್ನ ಬುದ್ಧಿವಂತಿಕೆ. ಮಾತ್ರೆ ನುಂಗಿದ ಸಂಜೆ ನಿನ್ನನ್ನು ಕೂರಿಸಿಕೊಂಡು "ನಮ್ಮ ಬೀದಿಯಲ್ಲಿ ಮೊದಲನೇ ಮನೆ ಯಾರದು? ಎರಡನೇದು?" ಎಂದು ಪರೀಕ್ಷೆ ಮಾಡುತ್ತಿದ್ದೆ. ನೀನು ತಪ್ಪಿದರೆ ಸಿಟ್ಟು ಬರುತ್ತಿತ್ತು. ಮಾತ್ರೆ ತಿಂದೂ ತಪ್ಪು ಹೇಳುತ್ತೀಯಲ್ಲ ಎಂದು ಒಮ್ಮೆ ಕೂಗಾಡಿಯೂಬಿಟ್ಟೆ. ನೀನು ಹೆದರಿ, ಗಂಟೆಯೂ ಹೊಡೆಯದೆ, ಎದ್ದು ಒಳಗೆ ಹೋದೆ.

ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆವು. ಮೂವತ್ತನ್ನು ದಾಟಿತ್ತು. ನಾನು ಆ ವರದಿಯನ್ನು ಬಹುಮಾನ ಗೆದ್ದವನಂತೆ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಸಂತೋಷಕ್ಕೆ ನಿನ್ನ ಎದುರು ಕುರ್ಚಿ ಎಳೆದುಕೊಂಡು ಕೂತೆ. ನೀನು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಮರ್ಯಾದೆಯಿಂದ ಕೇಳಿದೆ: "ಕನ್ನಡಕದ ಅಂಗಡಿಯವರು ಎಷ್ಟೊತ್ತಿಗೆ ಬರ್ತಾರೆ ಸಾರ್?" ಅಷ್ಟು ವರ್ಷ ನನ್ನನ್ನು "ರೀ" ಎಂದು ಕರೆದವಳು. ಅವತ್ತು ನಾನು ಏನು ಹೇಳಿದೆ ಗೊತ್ತೇ? "ಬರ್ತಾರಮ್ಮಾ, ಈಗ ಬರ್ತಾರೆ" ಎಂದೆ. ಹೇಳಿ ಅಂಗಡಿಗೆ ಬಂದು ಶಟರು ಎಳೆದು ಅತ್ತೆ.

ವರದಿ ತೆಗೆದುಕೊಂಡು ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆವು. ನಂಬರು ಇಷ್ಟು ಏರಿದ ಮೇಲೂ ಯಾಕೆ ಹೀಗೆ ಎಂದು ಜಗಳಕ್ಕೆ ಬಿದ್ದವನಂತೆ ಕೇಳಿದೆ. ಅವರು ತಾಳ್ಮೆಯವರು. "ನೋಡಿ, ಡಿ ಕಮ್ಮಿ ಇರೋದೂ ಈ ಕಾಯಿಲೆಯೂ ಜೊತೆಜೊತೆಗೆ ಕಾಣಿಸುತ್ತೆ, ಅದು ನಿಜ. ಯಾವುದರಿಂದ ಯಾವುದು ಅಂತ ಖಚಿತವಾಗಿ ಹೇಳೋಕೆ ಇನ್ನೂ ಆಗಿಲ್ಲ. ಮಾತ್ರೆ ಮೂಳೆಗೆ ಒಳ್ಳೇದು, ಬಿಡಬೇಡಿ. ಹೋದ ನೆನಪನ್ನ ಅದು ತಂದುಕೊಡುತ್ತೆ ಅಂತ ಮಾತ್ರ ನಾನು ಹೇಳಲಾರೆ." ಇನ್ನೊಂದು ಮಾತನ್ನೂ ಸೇರಿಸಿದರು. "ಎಷ್ಟೋ ಸಲ ಇದು ಹಿಂದುಮುಂದಾಗಿರುತ್ತೆ. ಕಾಯಿಲೆ ಶುರುವಾದ ಮೇಲೆ ಅವರು ಹೊರಗೆ ಹೋಗೋದು ನಿಲ್ಲುತ್ತೆ. ಮೈಗೆ ಬಿಸಿಲು ಬೀಳಲ್ಲ, ಡಿ ಇಳಿಯುತ್ತೆ. ವರದೀಲಿ ನಾವು ನೋಡೋದು ಆ ಇಳಿದ ಲೆಕ್ಕವನ್ನ."

ಹಾಗಾದರೆ ಆ ಎಂಟು ನಿನ್ನ ಮೈಯ ಲೆಕ್ಕವಲ್ಲ, ನನ್ನ ಕೆಲಸದ ಲೆಕ್ಕ. ಅಷ್ಟರಲ್ಲಿ ಮಗಳು ಬಿಕ್ಕತೊಡಗಿದ್ದಳು. ಅವಳಿಗೆ ಆ ಕೊನೆಯ ಮಾತು ಕೇಳಿಸಿರಲೇ ಇಲ್ಲ. "ನಂದೇ ತಪ್ಪು. ಮೊದಲೇ ಟೆಸ್ಟ್ ಮಾಡಿಸಬೇಕಿತ್ತು. ಮಕ್ಕಳನ್ನ ದಿನಾ ಮೈದಾನದಲ್ಲಿ ಓಡಿಸ್ತೀನಿ, ನಮ್ಮಮ್ಮ ಬಿಸಿಲು ಕಂಡಿದ್ದಾಳಾ ಅಂತ ಒಂದಿನ ಕೇಳಲಿಲ್ಲ." ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ಸಾಕಿತ್ತು, ತಪ್ಪು ತಾನಾಗಿಯೇ ಅವಳ ಹೆಗಲಿಗೆ ಹೋಗಿ ಕೂರುತ್ತಿತ್ತು. ಆ ಆಸೆಯೂ ನನಗೆ ಆಯಿತು ಎಂದು ಇಲ್ಲಿ ಬರೆಯದಿದ್ದರೆ ಈ ಕಾಗದ ಬರೆದೂ ಪ್ರಯೋಜನವಿಲ್ಲ.

ಆಗ ನೀನು, ಯಾರೂ ಕೇಳದಿದ್ದರೂ, ಮಗಳ ಕಣ್ಣೊರೆಸುತ್ತ ಹೇಳಿದೆ: "ಅಳಬೇಡಮ್ಮಾ. ಚಿಲಕ ಮೇಲಿದೆ."

ಡಾಕ್ಟರಮ್ಮ ಮತ್ತೆ ನನ್ನತ್ತ ನೋಡಿದರು. ಅದೇ ನೋಟ. ನಗುವುದಕ್ಕೆ ನನ್ನ ತುಟಿ ಸಿದ್ಧವೂ ಆಗಿತ್ತು. ಅದು ಹೇಗೋ, "ಅವಳು ಹೇಳ್ತಿರೋದು ನಿಜ" ಎಂದುಬಿಟ್ಟೆ. "ಚಿಲಕ ಮೇಲೇ ಇದೆ. ನಾನೇ ಹಾಕಿಸಿದ್ದು. ಎರಡು ವರ್ಷದಿಂದ ಅವಳನ್ನ ಹೊರಗೆ ಬಿಟ್ಟಿಲ್ಲ. ತಲೆನೋವು ಗಿಲೆನೋವು ಏನೂ ಇಲ್ಲ." ಹೇಳುವಾಗ ಮೇಜಿನ ಮೇಲಿದ್ದ ಪೇಪರ್‌ವೆಯ್ಟನ್ನು ನೋಡುತ್ತಿದ್ದೆ. ಆಮೇಲೆ ಡಾಕ್ಟರಮ್ಮ ನನ್ನನ್ನು ಬಿಟ್ಟು ನಿನ್ನ ಕಡೆ ಕುರ್ಚಿ ತಿರುಗಿಸಿಕೊಂಡು, "ಎಷ್ಟು ಮೇಲಿದೆ ಅಮ್ಮಾ?" ಎಂದು ಕೇಳಿದರು. ನೀನು ಎದ್ದು ನಿಂತೆ. ಹಿಮ್ಮಡಿ ಎತ್ತಿದೆ, ಬಲಗೈಯನ್ನು ಆದಷ್ಟೂ ಮೇಲಕ್ಕೆ ಚಾಚಿದೆ, ಬೆರಳ ತುದಿಗಳನ್ನು ಗಾಳಿಯಲ್ಲಿ ಆಡಿಸಿದೆ. ನಾನು ಅಂಗಡಿಯಲ್ಲಿದ್ದಾಗ ನೀನು ಎಷ್ಟು ಸಲ ಹಾಗೆ ನಿಂತು ನೋಡಿದ್ದೆಯೋ ನನಗೆ ತಿಳಿಯದು. ಅಭ್ಯಾಸವಾದವರ ನಿಲುವು ಅದು.

ಬಸ್ಸಿನಲ್ಲಿ ಮಗಳು ನಿನ್ನ ಪಕ್ಕ ಕೂತಳು, ನನ್ನ ಕಡೆ ತಿರುಗಲಿಲ್ಲ. ಮನೆಗೆ ಬಂದವಳೇ ಓಣಿ ಬಾಗಿಲ ಹತ್ತಿರ ಹೋಗಿ ಕೈ ಚಾಚಿದಳು. ಅವಳು ನಿನಗಿಂತ ಎತ್ತರ, ಆಟಗಾತಿ ಬೇರೆ. "ನನಗೇ ಎಟುಕಲ್ಲ ಅಪ್ಪಾ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈಗಲೂ ಫೋನು ಮಾಡುತ್ತಾಳೆ. ನಿನ್ನ ಜೊತೆ ಹಾಡು, ಮಾತು, ನಗು ಎಲ್ಲ ಇರುತ್ತದೆ. ನನ್ನ ಹತ್ತಿರ ಮಾತ್ರೆ ಮುಗಿಯಿತಾ ಎಂದಷ್ಟೇ ಕೇಳುತ್ತಾಳೆ. ಅವಳು ಮಾಡುವುದು ಸರಿಯಾಗಿಯೇ ಇದೆ.

ಚಿಲಕ ಬಿಚ್ಚಲು ನನ್ನ ಹತ್ತಿರ ಇದ್ದದ್ದು ಕನ್ನಡಕದ ಸ್ಕ್ರೂ ಬಿಚ್ಚುವ ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರುಗಳು. ದೊಡ್ಡದು ಬೇಕಿತ್ತು. ಬೇಕೆಂದೇ ಎದುರುಮನೆಗೆ ಹೋದೆ. ವಕೀಲರು ಯಾತಕ್ಕೆ ಎಂದರು, ಹೇಳಿದೆ. ಇದ್ದದ್ದು ಇದ್ದಂತೆ ಹೇಳಿದೆ. ಅವರು ಒಳಗೆ ಹೋಗಿ ಸ್ಕ್ರೂಡ್ರೈವರು ತಂದರು. "ಮಂಡಿನೋವು ಅಂತ ನಾವು ನಂಬಿದ್ವಿ ಅಂದ್ಕೊಂಡ್ರಾ?" ಎಂದರು. "ಬೀದಿಗೆಲ್ಲ ಗೊತ್ತು. ನೀವು ಮುಜುಗರ ಪಡ್ತೀರಿ ಅಂತ ಯಾರೂ ಕೆದಕಿ ಕೇಳಲಿಲ್ಲ. ಅವತ್ತು ನಾನು ಆ ಸ್ಟಾಂಪಿನ ಮಾತು ಆಡಬಾರದಿತ್ತು." ಒಳಗಿನಿಂದ ಅವರ ಹೆಂಡತಿ, "ನಮ್ಮ ಪೆಟ್ಟಿಗೆಗೆ ಈಗ ಏನೂ ಬರಲ್ಲ, ದಿನಾ ತೆಗೆದು ನೋಡ್ತೀನಿ" ಎಂದರು. ಎರಡು ವರ್ಷ ನಾನು ಯಾರಿಂದ ನಿನ್ನನ್ನು ಮುಚ್ಚಿಟ್ಟೆನೋ ಅವರು ನಿನಗಾಗಿ ಪೆಟ್ಟಿಗೆ ತೆಗೆದು ನೋಡುತ್ತಿದ್ದರು. ವಕೀಲರೇ ಬಂದು ಸ್ಟೂಲು ಹತ್ತಿ ಚಿಲಕ ಬಿಚ್ಚಿದರು. ನಾನು ಕೆಳಗೆ ಸ್ಟೂಲು ಹಿಡಿದುಕೊಂಡಿದ್ದೆ.

ಈಗ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಇಬ್ಬರೂ ಹೊರಡುತ್ತೇವೆ. ನಿನ್ನ ಹಳೆಯ ಚೀಲ ನಿನ್ನ ಹೆಗಲಿಗೆ. ಒಳಗೆ ಅಂಗಡಿಯ ಕರಪತ್ರಗಳು, "ಕಣ್ಣಿನ ಪರೀಕ್ಷೆ ಉಚಿತ" ಎಂದು ಅಚ್ಚು ಹಾಕಿಸಿ ಮೂಲೆಗೆ ಹಾಕಿದ್ದವು. ನೀನು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಪ್ರತಿ ಗೇಟಿಗೂ ಒಂದು ಕರಪತ್ರ, ಮುಚ್ಚಳಕ್ಕೆ ಎರಡು ತಟ್ಟು. ಸಂಜೆ ಬೀದಿಯವರು ಅವನ್ನೆಲ್ಲ ಒಟ್ಟುಮಾಡಿ ಅಂಗಡಿಗೆ ತಂದುಕೊಡುತ್ತಾರೆ, ನಾಳೆಗೆ ಬೇಕಲ್ಲ. ನಮ್ಮ ಬೀದಿಯಷ್ಟು ಸಲ ಕಣ್ಣಿನ ಪರೀಕ್ಷೆಗೆ ಕರೆಸಿಕೊಂಡ ಬೀದಿ ಇನ್ನೊಂದಿರಲಾರದು. ನಿನ್ನ ಮುಖಕ್ಕೆ ಬಣ್ಣ ಬಂದಿದೆ. ನೆನಪು ಬಂದಿಲ್ಲ. ಬರುವುದೂ ಇಲ್ಲ, ಇದು ಔಷಧಿ ಎಂದು ನಾನು ಈಗ ಯಾರಿಗೂ ಹೇಳಲು ಹೋಗುವುದಿಲ್ಲ. ನಡೆಯುವುದು ನಿನಗೆ ಇಷ್ಟ, ಅದಕ್ಕೆ ನಡೆಯುತ್ತಿದ್ದೇವೆ.

ಇವತ್ತು ಬೆಳಿಗ್ಗೆ ನಾನೊಂದು ಆಟ ಹೂಡಿದೆ. ಆಟವೆಂದರೆ ಮತ್ತದೇ ಪರೀಕ್ಷೆಯ ಚಟ, ಬಿಟ್ಟಿಲ್ಲ ನೋಡು. ಒಂದು ಲಕೋಟೆಯ ಮೇಲೆ ನಿನ್ನ ಹೆಸರು, ನಮ್ಮ ವಿಳಾಸ ಬರೆದು, ರಿಜಿಸ್ಟರ್ ಎಂದು ಅಡಿಗೆರೆ ಎಳೆದು ಚೀಲದಲ್ಲಿಟ್ಟೆ. ಒಳಗೆ ಏನೂ ಇರಲಿಲ್ಲ. ಸರದಿ ಬಂದಾಗ ನೀನು ಅದನ್ನು ಕೈಗೆತ್ತಿಕೊಂಡು 'ಇದು ನನ್ನ ಹೆಸರಲ್ವಾ' ಎನ್ನುತ್ತೀಯೇನೋ ಎಂದು ನಾನು ಕಾದೆ. ಎನ್ನಲಿಲ್ಲ. ನೀನು ಹೆಸರನ್ನು ಗಟ್ಟಿಯಾಗಿ ಓದಿ, ವಿಳಾಸ ನೋಡಿ, ನೇರ ನಮ್ಮ ಓಣಿಗೆ ತಿರುಗಿ, ನಮ್ಮ ಬಾಗಿಲ ಮುಂದೆ ನಿಂತು ತಟ್ಟಿದೆ. ಕಾದೆ. ಮತ್ತೆ ತಟ್ಟಿದೆ. ನನ್ನ ಕಡೆ ತಿರುಗಿ, "ಈ ಮನೆ ಬಾಗಿಲು ಯಾವಾಗಲೂ ಹಾಕೇ ಇರುತ್ತೆ ಸಾರ್. ಪಾಪ, ಆ ಹೆಂಗಸನ್ನ ನೋಡಿ ಎಷ್ಟು ದಿನ ಆಯ್ತೋ. ಹುಷಾರಾಗಿದ್ದಾರೋ ಇಲ್ವೋ" ಎಂದೆ.

ನಾನು ಓಡಿದೆ. ಈ ವಯಸ್ಸಿನಲ್ಲಿ ಸುತ್ತುಹಾಕಿ, ಶಟರು ಎತ್ತಿ, ಅಂಗಡಿ ಹಾದು, ಒಳಮನೆ ಹಾದು, ಏದುಸಿರು ಬಿಡುತ್ತ ಬಂದು ಓಣಿ ಬಾಗಿಲಿನ ಹಳೆಯ ಅಗುಳಿ ಸರಿಸಿ ಒಳಗಿನಿಂದ ತೆಗೆದೆ. ಬಿಸಿಲು ನಿನ್ನ ಬೆನ್ನ ಹಿಂದಿತ್ತು. ನೀನು ಲಕೋಟೆ ತೋರಿಸಿ ಹೆಸರು ಹೇಳಿ, "ಇದ್ದಾರಾ?" ಎಂದು ಕೇಳಿದೆ. "ಇದ್ದಾರೆ" ಎಂದು ನಾನು ಕೈ ಚಾಚಿದೆ. ನೀನು ಲಕೋಟೆಯನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದೆ. "ಹೆಸರಿದ್ದೋರ ಕೈಗೇ ಕೊಡ್ಬೇಕು. ನಾಳೆ ಬರ್ತೀನಿ, ಅವರನ್ನ ಹೊರಗೆ ಕಳಿಸಿ" ಎಂದೆ. ನನಗೆ ಅಪ್ಪನ ಜ್ವರದ ದಿನ ಕಣ್ಣ ಮುಂದೆ ಬಂತು, ಕಚ್ಚುವ ಹೊಸ ಬೂಟು ಬಂತು. ಹೂಂ ಎಂದೆ.

ಲಕೋಟೆ ಇನ್ನೂ ನಿನ್ನ ಚೀಲದಲ್ಲೇ ಇದೆ. ಇಷ್ಟು ಕಾಲಕ್ಕೆ ನಿನ್ನ ಹೆಸರಿಗೆ ಒಂದು ಕಾಗದ ಬಂತು, ಅದೂ ಖಾಲಿ. ಆ ನಾಚಿಕೆಗೆ ಅಂಗಡಿ ತೆರೆಯದೆ ಕೂತು ಇಷ್ಟನ್ನೂ ಬರೆದೆ. ನೀನು ನಿದ್ದೆ ಹೋದ ಮೇಲೆ ಇದನ್ನು ಅದರೊಳಗಿಟ್ಟು ಅಂಟಿಸುತ್ತೇನೆ. ನಾಳೆ ನೀನು ಇದನ್ನು ಹಿಡಿದು ಬರುತ್ತೀಯ, ನಾಡಿದ್ದೂ ಬರುತ್ತೀಯ, ನನ್ನ ಕೈಗೆ ಯಾವತ್ತೂ ಕೊಡುವುದಿಲ್ಲ. ಕೊಡಬೇಡ. ಈ ಕಾಗದದಲ್ಲಿ ಕಾಣುವ ಗಂಡ ಅದನ್ನು ಪಡೆಯಲು ಯೋಗ್ಯನಲ್ಲ. ಆ ಹೆಂಗಸು ಸಿಗುವ ತನಕ ನೀನೇ ಇಟ್ಟುಕೊಂಡಿರು. ನೀನು ತಟ್ಟಬೇಕಾಗಿಲ್ಲ, ಬಾಗಿಲು ತೆಗೆದೇ ಇರುತ್ತದೆ.

ದಾರಿಯುದ್ದ ನಿನ್ನ ಮೈಮೇಲೆ ಹದವಾದ ಬಿಸಿಲಿರಲಿ, ನಿನ್ನ ಚೀಲ ಹಗುರವಾಗಿರಲಿ, ಪ್ರತಿ ಗೇಟಿನಲ್ಲೂ ನಿನ್ನನ್ನು ಮಾತಾಡಿಸುವವರಿರಲಿ.

ನಾಲ್ಕು ಹೆಜ್ಜೆ ಹಿಂದೆ ಬರುತ್ತಿರುವ,
ನಿನ್ನ ಕನ್ನಡಕದ ಅಂಗಡಿಯವನು